ಯಂತ್ರಗಳಿರುವಾಗ ಕಲ್ಲು ನೋಡುತ್ತಾ ಅಲೆಯುವುದು ಯಾಕೆ?

ಅದಿರು ಹುಡುಕಲು ನಡೆದು ಬಂಡೆಗಳ ನಕ್ಷೆ ಮಾಡುವವರಿಗೆ ಜನ ಕೇಳುವ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಮತ್ತೊಮ್ಮೆ ಬರೆಯುತ್ತೇನೆ, ಯಾಕೆಂದರೆ ತಪ್ಪು ಪ್ರಶ್ನೆಯೊಳಗೇ ಕೂತಿದೆ.

ಯಂತ್ರಕ್ಕೆ ಅದಿರು ಕಾಣುವುದಿಲ್ಲ. ಗುರುತ್ವ ಮಾಪಕ ಭೂಮಿಯ ಸೆಳೆತ ಎಲ್ಲಿ ಕೂದಲೆಳೆಯಷ್ಟು ಜಾಸ್ತಿ, ಎಲ್ಲಿ ಕಡಿಮೆ ಅಂತ ಅಳೆಯುತ್ತದೆ. ಒಂದು ಮಿಲಿಗ್ಯಾಲ್ (ಈ ಸೆಳೆತವನ್ನು ಅಳೆಯುವ ಮಾನ) ವ್ಯತ್ಯಾಸ ಅಂದರೆ ಒಟ್ಟು ಸೆಳೆತದ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ಆ ವ್ಯತ್ಯಾಸ ಯಾವ ಬಂಡೆಯಿಂದ ಬಂತು ಅಂತ ಯಂತ್ರ ಹೇಳುವುದಿಲ್ಲ.

"ಚಿನ್ನ ಅಷ್ಟು ಭಾರ, ಗುರುತ್ವದಲ್ಲಿ ಗೊತ್ತಾಗಬೇಕಲ್ವಾ?" ಅಂತ ಕೇಳುತ್ತಾರೆ. ಒಂದು ಟನ್ ಬಂಡೆಯಲ್ಲಿ 5 ಗ್ರಾಂ ಚಿನ್ನ ಸಿಕ್ಕರೆ ಅದು ಒಳ್ಳೆಯ ಅದಿರು. ಟನ್ನಿಗೆ 5 ಗ್ರಾಂ! ಅದರಿಂದ ಬಂಡೆಯ ತೂಕಕ್ಕೆ ಏನಾದೀತು? ಇನ್ನು ನೆಲದಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ಅಳೆಯುವ ಯಂತ್ರ. ತಾಮ್ರದ ಸಲ್ಫೈಡ್ (ತಾಮ್ರ, ಗಂಧಕ ಕೂಡಿದ ಅದಿರು) ವಿದ್ಯುತ್ ಹರಿಸುತ್ತದೆ, ನಿಜ. ಗ್ರಾಫೈಟ್ ಇರುವ ಬಂಡೆಯೂ ಹರಿಸುತ್ತದೆ, ಉಪ್ಪುನೀರು ಹೀರಿದ ಜೇಡಿಯೂ ಹರಿಸುತ್ತದೆ. ಪರದೆಯ ಮೇಲೆ ಮೂರೂ ಒಂದೇ ಥರದ ಕೆಂಪು ಕಲೆ. ಗ್ರಾಫೈಟ್ ಪದರ ಎಲ್ಲಿ ಹಾದುಹೋಗಿದೆ ಅಂತ ನಡೆದು ಗುರುತು ಹಾಕಿದವರಿಗೆ ಮಾತ್ರ ಯಾವ ಕಲೆಯನ್ನು ಬಿಡಬೇಕು ಅಂತ ತಿಳಿಯುತ್ತದೆ.

ಮಾಡೆಲ್‌ನ, ಅಂದರೆ ಅಳತೆಗಳಿಂದ ನೆಲದೊಳಗೆ ಏನಿರಬಹುದು ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಚಿತ್ರದ, ಕಥೆಯೂ ಇದೇ. ಆಳದಲ್ಲಿರುವ ಒಂದು ಭಾರದ ಗುಂಡು, ಅದಕ್ಕಿಂತ ಮೇಲೆ ಅಗಲವಾಗಿ ಹರಡಿದ, ಅಷ್ಟೊಂದು ಭಾರವಿಲ್ಲದ ಪದರ, ಎರಡೂ ಒಂದೇ ಅಳತೆ ಕೊಡಬಲ್ಲವು. ಇದು ಕಂಪ್ಯೂಟರ್‌ನ ತಪ್ಪಲ್ಲ, ಗುರುತ್ವದ ಗಣಿತವೇ ಹಾಗಿದೆ. ಆದರೆ ಪದರಗಳು ಪೂರ್ವಕ್ಕೆ 60 ಡಿಗ್ರಿ ವಾಲಿವೆ ಅಂತ ನಕ್ಷೆಯಲ್ಲಿದ್ದರೆ, ಅವನ್ನು ಪಶ್ಚಿಮಕ್ಕೆ ವಾಲಿಸುವ ಮಾಡೆಲ್‌ಗಳನ್ನು ಪಕ್ಕಕ್ಕಿಡಬಹುದು.

ಅದಿರು ಪೂರ್ತಿ ಮುಚ್ಚಿಹೋಗಿದ್ದರೆ? ದಕ್ಷಿಣ ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಮ್ ಗಣಿಯ ಅದಿರು 300 ಮೀಟರಿಗಿಂತ ಆಳದಲ್ಲಿತ್ತು. ತಾಮ್ರ ಎಲ್ಲಿಂದ ಬಂದಿರಬಹುದು ಅನ್ನುವ ಭೂವಿಜ್ಞಾನಿಗಳ ಯೋಚನೆಯನ್ನು ಗುರುತ್ವ ಮತ್ತು ಕಾಂತೀಯ ಅಳತೆಗಳ ಜೊತೆ ಇಟ್ಟು ನೋಡಿ, 1975ರಲ್ಲಿ ಕೊರೆದರು. ಸಿಕ್ಕಿತು.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ: ಮಾಡೆಲ್‌ಗೆ ಹಾಕುವ ಸಾಂದ್ರತೆ ಎಲ್ಲಿಂದ ಬರುತ್ತದೆ? ಕಲ್ಲನ್ನು ತೂಗಿ. 530 ಗ್ರಾಂ ಬಂತು. ದಾರ ಕಟ್ಟಿ ನೀರಲ್ಲಿ ಮುಳುಗಿಸಿ ಮತ್ತೆ ತೂಗಿ, 330. ವ್ಯತ್ಯಾಸ 200, ಅಂದರೆ ಕಲ್ಲಿನ ಗಾತ್ರ 200 ಘನ ಸೆಂಟಿಮೀಟರ್. 530ನ್ನು 200ರಿಂದ ಭಾಗಿಸಿದರೆ 2.65, ಗ್ರಾನೈಟ್‌ಗೆ ಸರಿಯಾದ ಸಂಖ್ಯೆ. ಸುಮ್ನೆ ಪುಸ್ತಕದ ಸರಾಸರಿ ಹಾಕಬೇಡಿ. ಮಳೆ ಬಿಸಿಲಿಗೆ ಸಡಿಲವಾದ ಮೇಲಿನ ಚೂರೂ ಬೇಡ. ಸುತ್ತಿಗೆಯಲ್ಲಿ ಒಡೆದು, ಒಳಗಿನ ಗಟ್ಟಿ ಕಲ್ಲನ್ನೇ ತೂಗಿ.