ಚುಚ್ಚದ ಹೋಲ್ಸ್ಟರ್ ಬೇಕು, ಗನ್ನೂ ಭದ್ರವಾಗಿರಬೇಕು: ಯಾವುದನ್ನು ಆರಿಸಲಿ?

ಪ್ರಶ್ನೆ: "ನನ್ನ ಹತ್ತಿರ ಲೈಸೆನ್ಸ್ ಇದೆ. ಪಿಸ್ತೂಲನ್ನು ಹೊರಗೆ ಕಾಣದ ಹಾಗೆ ಸೊಂಟದಲ್ಲಿ ಇಟ್ಟುಕೊಂಡು ಓಡಾಡಬೇಕು. ಗಟ್ಟಿ ಪ್ಲಾಸ್ಟಿಕ್ ಹೋಲ್ಸ್ಟರ್ ಹಾಕಿದರೆ ಕೂತಾಗ ಚುಚ್ಚುತ್ತದೆ. ಮೆತ್ತನೆಯ ಬಟ್ಟೆಯದು ಹಾಯಾಗಿದೆ, ಆದರೆ ಒಳಗೆ ಗನ್ ಅಲ್ಲಾಡುತ್ತದೆ. ಎರಡರಲ್ಲಿ ಯಾವುದು ಸರಿ?"

ಗಟ್ಟಿಯದ್ದೇ ಸರಿ. ಮೆತ್ತನೆಯದನ್ನು ಇವತ್ತೇ ಪಕ್ಕಕ್ಕಿಡಿ. ಚುಚ್ಚುವುದು ನಿಜವಾದ ತೊಂದರೆ, ಅದನ್ನು ಸಹಿಸಿಕೊಳ್ಳಿ ಅಂತ ಹೇಳುತ್ತಿಲ್ಲ. ಆದರೆ ಆ ತೊಂದರೆಯನ್ನು ಬೆಲ್ಟ್ ಬದಲಿಸಿ, ಜಾಗ ಬದಲಿಸಿ, ಎತ್ತರ ಹೊಂದಿಸಿ ಸರಿಮಾಡಬಹುದು. ಟ್ರಿಗರ್ ಮೇಲೆ ಬರೀ ತೆಳು ಬಟ್ಟೆ ಇರುವ ಹೋಲ್ಸ್ಟರನ್ನು ಏನು ಮಾಡಿದರೂ ಸರಿಮಾಡಲು ಆಗುವುದಿಲ್ಲ.

ಹೋಲ್ಸ್ಟರ್ ಅಂದರೆ ಸುಮ್ನೆ ಗನ್ ಇಟ್ಟುಕೊಳ್ಳುವ ಚೀಲ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಈಗ ಜಾಸ್ತಿ ಮಾರಾಟವಾಗುವ ಸ್ಟ್ರೈಕರ್ ಮಾದರಿಯ (ಹೊರಗೆ ಸುತ್ತಿಗೆ ಇಲ್ಲದೆ, ಒಳಗಿನ ಸ್ಪ್ರಿಂಗ್ ಮೊಳೆಯೇ ಗುಂಡಿಗೆ ಬಡಿಯುವ) ಪಿಸ್ತೂಲುಗಳನ್ನೇ ನೋಡಿ. ಹಲವುಗಳಲ್ಲಿ ಬೆರಳಿನಿಂದ ಹಾಕಿ ತೆಗೆಯುವ ಸೇಫ್ಟಿ ಇರುವುದೇ ಇಲ್ಲ. ಸೇಫ್ಟಿ ಟ್ರಿಗರ್‌ನಲ್ಲೇ ಸೇರಿಕೊಂಡಿರುತ್ತದೆ. ಟ್ರಿಗರ್ ಎಳೆಯಲು ಸುಮಾರು 2.5 ಕೆಜಿ ಬಲ ಸಾಕು. ಎಳೆದದ್ದು ಬೆರಳೋ, ಒಳಗೆ ಸಿಕ್ಕಿಕೊಂಡ ಅಂಗಿಯ ತುದಿಯೋ, ಜಾಕೆಟ್ಟಿನ ದಾರವೋ ಗನ್‌ಗೆ ಗೊತ್ತಾಗುವುದಿಲ್ಲ. ಹಾಗಾಗಿ ಗನ್ ನಿಮ್ಮ ಮೈಮೇಲೆ ಇರುವಷ್ಟು ಹೊತ್ತೂ ಟ್ರಿಗರ್ ಕಾಯುವ ಕೆಲಸ ಹೋಲ್ಸ್ಟರಿನದ್ದು. ಟ್ರಿಗರ್ ಗಾರ್ಡ್, ಅಂದರೆ ಟ್ರಿಗರ್ ಸುತ್ತಲಿನ ಬಳೆ, ಎರಡೂ ಬದಿಯಿಂದ ಪೂರ್ತಿ ಮುಚ್ಚಿರಬೇಕು, ಮುಚ್ಚಿದ ಆ ಭಾಗ ಒತ್ತಿದರೆ ಬಗ್ಗಬಾರದು. ಇದರಲ್ಲಿ ಸೋತ ಹೋಲ್ಸ್ಟರ್ ಎಷ್ಟು ಹಾಯಾಗಿದ್ದರೂ ನನ್ನ ಲೆಕ್ಕಕ್ಕೆ ಹೋಲ್ಸ್ಟರ್ ಅಲ್ಲ.

ಕೈಯಲ್ಲಿರುವ ಹೋಲ್ಸ್ಟರನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮೊದಲು ಮ್ಯಾಗಜೀನ್ ತೆಗೆಯಿರಿ, ಸ್ಲೈಡ್ (ಗನ್ನಿನ ಮೇಲಿನ ಜಾರುವ ಭಾಗ) ಹಿಂದಕ್ಕೆ ಎಳೆದು ಚೇಂಬರ್ (ಗುಂಡು ಕೂರುವ ಗೂಡು) ಖಾಲಿ ಇದೆ ಅಂತ ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಆಮೇಲೆ ಖಾಲಿ ಗನ್ ಹೋಲ್ಸ್ಟರಿಗೆ ಹಾಕಿ, ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಅಲ್ಲಾಡಿಸಿ. ಬೀಳಬಾರದು. ಟ್ರಿಗರ್ ಇರುವ ಜಾಗವನ್ನು ಹೊರಗಿನಿಂದ ಹೆಬ್ಬೆರಳಲ್ಲಿ ಒತ್ತಿ, ಟ್ರಿಗರ್ ಅಲುಗಬಾರದು, ಕೈಗೆ ಸಿಗಲೂಬಾರದು. ಕೊನೆಗೆ ಬೆಲ್ಟಿಗೆ ಸಿಕ್ಕಿಸಿಕೊಂಡು ಗನ್ ಹೊರಗೆ ಎಳೆಯಿರಿ. ಗನ್ ಮಾತ್ರ ಬರಬೇಕು, ಹೋಲ್ಸ್ಟರ್ ಅಲ್ಲೇ ಉಳಿಯಬೇಕು. ಅಗ್ಗದ ಕ್ಲಿಪ್ ಇರುವ ಹೋಲ್ಸ್ಟರುಗಳು ಇಲ್ಲೇ ಸೋಲುವುದು ಜಾಸ್ತಿ. ಕ್ಲಿಪ್ಪಿನ ಕೊಕ್ಕೆ ಬೆಲ್ಟಿನ ಕೆಳ ಅಂಚನ್ನು ಹಿಡಿಯದೆ ಜಾರಿ, ಹೋಲ್ಸ್ಟರ್ ಸಮೇತ ಗನ್ ಕೈಗೆ ಬರುತ್ತದೆ. ಜೀವದ ಪ್ರಶ್ನೆ ಬಂದ ಹೊತ್ತಿನಲ್ಲಿ ಹಾಗಾದರೆ ಏನು ಗತಿ?

ಯಾವ ವಸ್ತುವಿನದು ಒಳ್ಳೆಯದು? ನನ್ನ ಒಲವು ಕೈಡೆಕ್ಸ್ ಕಡೆಗೆ. ಬಿಸಿ ಮಾಡಿದರೆ ಮೆತ್ತಗಾಗಿ, ತಣ್ಣಗಾದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ಹಾಳೆ ಅದು. ಗನ್ನಿನ ಅಚ್ಚಿನ ಮೇಲೆ ಒತ್ತಿ ಮಾಡುವುದರಿಂದ ಟ್ರಿಗರ್ ಗಾರ್ಡ್ ಬಳಿ 'ಟಕ್' ಅಂತ ಕೂರುತ್ತದೆ. ಆ ಸದ್ದು ಕೇಳಿದರೆ ಗನ್ ಸರಿಯಾಗಿ ಕೂತಿದೆ ಅಂತ ಅರ್ಥ. ಬೆವರಿಗೆ ಹೆದರುವುದಿಲ್ಲ, ಎಷ್ಟು ಬಿಗಿ ಬೇಕು ಅನ್ನುವುದನ್ನು ಸ್ಕ್ರೂ ತಿರುಗಿಸಿ ಹೊಂದಿಸಬಹುದು, ಗನ್ ತೆಗೆದ ಮೇಲೂ ಬಾಯಿ ತೆರೆದೇ ಇರುತ್ತದೆ. ಗನ್ನಿನ ಮೇಲಿನ ಬಣ್ಣ ಸ್ವಲ್ಪ ಸವೆಯುತ್ತದೆ ನಿಜ, ಆದರೆ ಅದು ದೊಡ್ಡ ವಿಷಯವಲ್ಲ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಬಿಟ್ಟು ಹೋಗಬೇಡಿ, ಆಕಾರ ಕೆಡಬಹುದು.

ಚರ್ಮವನ್ನು ನಾನು ತಳ್ಳಿಹಾಕುವುದಿಲ್ಲ. ಒಳ್ಳೆಯ ಚರ್ಮದ ಹೋಲ್ಸ್ಟರ್ ಕೆಲವು ವಾರಗಳಲ್ಲಿ ನಿಮ್ಮ ಸೊಂಟದ ಬಾಗಿಗೆ ಒಗ್ಗಿಕೊಳ್ಳುತ್ತದೆ, ಸದ್ದು ಮಾಡುವುದಿಲ್ಲ, ಮೈಗೆ ಹಿತವಾಗಿರುತ್ತದೆ. ಎರಡು ವಿಷಯ ಮಾತ್ರ ಮರೆಯಬೇಡಿ. ಒಂದು, ಹಳೆಯದಾದ ಚರ್ಮ ಮೆತ್ತಗಾಗಿ, ಬಾಯಿಯ ಅಂಚು ಒಳಕ್ಕೆ ಮಡಚಿಕೊಳ್ಳಲು ಶುರುವಾಗುತ್ತದೆ. ಗನ್ ಒಳಗೆ ಹಾಕುವಾಗ ಆ ಮಡಿಕೆ ಟ್ರಿಗರ್ ಗಾರ್ಡಿನೊಳಗೆ ನುಗ್ಗಿ ಬೆರಳಿನ ಕೆಲಸವನ್ನೇ ಮಾಡಿಬಿಡಬಹುದು. ಹಾಗೆ ಗುಂಡು ಹಾರಿ ಜನ ಗಾಯಗೊಂಡದ್ದೂ ಇದೆ. ಆದ್ದರಿಂದ ಬಾಯಿಗೆ ಲೋಹದ ಅಥವಾ ಗಟ್ಟಿ ಚರ್ಮದ ಪಟ್ಟಿ ಕೊಟ್ಟು ಹೊಲಿದಿರುವುದನ್ನೇ ತಗೊಳ್ಳಿ. ಬಾಯಿ ಮೆತ್ತಗಾದ ದಿನ ಅದನ್ನು ಎಸೆಯಿರಿ, ಎಷ್ಟೇ ಪ್ರೀತಿಯದ್ದಾದರೂ. ಎರಡನೆಯದು, ಗನ್ನನ್ನು ಚರ್ಮದ ಹೋಲ್ಸ್ಟರಿನಲ್ಲೇ ತಿಂಗಳುಗಟ್ಟಲೆ ಇಟ್ಟುಬಿಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡಲು ಬಳಸಿದ ರಾಸಾಯನಿಕಗಳೂ ಅದರಲ್ಲಿ ಉಳಿದಿರುತ್ತವೆ. ಗನ್ನಿಗೆ ತುಕ್ಕು ಹಿಡಿಯುತ್ತದೆ.

ಹಿಂದೆ ಚರ್ಮ ಅಥವಾ ಬಟ್ಟೆ, ಮುಂದೆ ಕೈಡೆಕ್ಸ್ ಇರುವ ಮಿಶ್ರ ಜಾತಿಯೂ ಇದೆ. ಹಾಯಾಗಿರುತ್ತದೆ. ಆದರೆ ಹಿಂದಿನ ಮೆತ್ತನೆ ಹಾಳೆ ಕಾಲಕ್ರಮೇಣ ಜೋತು ಬೀಳುತ್ತದೆ, ಟ್ರಿಗರ್ ಬಳಿ ಎರಡು ಹಾಳೆಗಳ ನಡುವೆ ಸಂದು ಬಿಡುತ್ತದೆ. ಆಗಾಗ ನೋಡಿಕೊಳ್ಳುತ್ತಿರಬೇಕು. ಇನ್ನು 'ಎಲ್ಲ ಗನ್ನಿಗೂ ಹೊಂದುತ್ತದೆ' ಅಂತ ಮಾರುವ ನೈಲಾನ್ ಹೋಲ್ಸ್ಟರುಗಳು ಯಾವ ಗನ್ನಿಗೂ ಸರಿಯಾಗಿ ಹೊಂದುವುದಿಲ್ಲ. ನಿಮ್ಮ ಗನ್ನಿನ ಮಾದರಿಯ ಹೆಸರು ಹೇಳಿಯೇ ಹೋಲ್ಸ್ಟರ್ ತಗೊಳ್ಳಿ. ಗನ್ನಿಗೆ ಲೈಟ್ ಕೂರಿಸಿದ್ದರೆ ಆ ಲೈಟಿನ ಮಾದರಿಯನ್ನೂ ಹೇಳಬೇಕು, ಯಾಕೆಂದರೆ ಲೈಟ್ ಇರುವ ಗನ್ನಿಗೆ ಬೇರೆಯೇ ಅಚ್ಚು.

ಈಗ ಚುಚ್ಚುವ ವಿಷಯಕ್ಕೆ ಬರೋಣ. ಇಲ್ಲಿ ಹೆಚ್ಚಿನವರು ಹೋಲ್ಸ್ಟರನ್ನು ಬೈಯುತ್ತಾರೆ, ಎಷ್ಟೋ ಸಲ ತಪ್ಪು ಬೆಲ್ಟಿನದ್ದು. ಗುಂಡು ತುಂಬಿದ ಮಧ್ಯಮ ಗಾತ್ರದ ಪಿಸ್ತೂಲು 800ರಿಂದ 900 ಗ್ರಾಂ ತೂಗುತ್ತದೆ. ಪ್ಯಾಂಟ್ ಜಾರದಿರಲಿ ಅಂತ ಹಾಕುವ ಮಾಮೂಲಿ ಬೆಲ್ಟ್ ಈ ಭಾರಕ್ಕೆ ತಿರುಚಿಕೊಳ್ಳುತ್ತದೆ, ಗನ್ನಿನ ಹಿಡಿ ಹೊರಕ್ಕೆ ವಾಲುತ್ತದೆ, ನೀವು ಬೆಲ್ಟನ್ನು ಇನ್ನೊಂದು ತೂತು ಬಿಗಿ ಮಾಡುತ್ತೀರಿ, ಸಂಜೆಯ ಹೊತ್ತಿಗೆ ಸೊಂಟದ ಮೂಳೆ ನೋಯುತ್ತದೆ. ಗನ್ ಹೊರಲೆಂದೇ ಮಾಡಿದ, ಅಡ್ಡಕ್ಕೆ ಬಗ್ಗದ ಬೆಲ್ಟ್ ಸಿಗುತ್ತದೆ. ಸಾಮಾನ್ಯವಾಗಿ 38 ಮಿ.ಮೀ. ಅಗಲ ಇರುತ್ತದೆ, ಹೋಲ್ಸ್ಟರ್ ಕ್ಲಿಪ್ಪುಗಳೂ ಬಹುಪಾಲು ಆ ಅಳತೆಗೇ ಇರುತ್ತವೆ. ದುಡ್ಡು ಖರ್ಚು ಮಾಡುವುದಿದ್ದರೆ ಎರಡನೇ ಹೋಲ್ಸ್ಟರಿಗಿಂತ ಮೊದಲು ಇದಕ್ಕೆ ಮಾಡಿ. ಪ್ಯಾಂಟಿನೊಳಗೆ ಸಿಕ್ಕಿಸುವ ಹೋಲ್ಸ್ಟರ್ ಆದರೆ ಸೊಂಟದ ಅಳತೆ ಒಂದೆರಡು ಇಂಚು ಜಾಸ್ತಿ ಇರುವ ಪ್ಯಾಂಟ್ ಬೇಕೇ ಬೇಕು.

ಜಾಗವೂ ಅಷ್ಟೇ ಮುಖ್ಯ. ಹೊಕ್ಕುಳನ್ನು ಗಡಿಯಾರದ 12 ಅಂತ ಇಟ್ಟುಕೊಂಡರೆ, ಬಲಗೈಯವರು ಸಾಮಾನ್ಯವಾಗಿ 1ರ ಹತ್ತಿರ, ಅಂದರೆ ಹೊಟ್ಟೆಯ ಮುಂದೆ, ಇಲ್ಲವೇ 3 ಮತ್ತು 4ರ ನಡುವೆ ಬಲ ಸೊಂಟದ ಮೇಲೆ ಇಟ್ಟುಕೊಳ್ಳುತ್ತಾರೆ. ಮುಂದೆ ಇಟ್ಟರೆ ಬೇಗ ಕೈಗೆ ಸಿಗುತ್ತದೆ, ಕಣ್ಣೆದುರೇ ಇರುತ್ತದೆ. ಆದರೆ ನಳಿಗೆಯ ತುದಿ ತೊಡೆಯ ದೊಡ್ಡ ರಕ್ತನಾಳದ ಕಡೆಗೆ ತಿರುಗಿರುತ್ತದೆ, ಆದ್ದರಿಂದ ಅಲ್ಲಿ ಕಳಪೆ ಹೋಲ್ಸ್ಟರಿಗೆ ಜಾಗವೇ ಇಲ್ಲ. ಕೂತಾಗ ಆ ತುದಿ ಚುಚ್ಚಿದರೆ ಹೋಲ್ಸ್ಟರನ್ನು ಸ್ವಲ್ಪ ಮೇಲಕ್ಕೆ ಏರಿಸಿ. ಹೋಲ್ಸ್ಟರಿನ ಒಳಮೈಗೆ, ತುದಿಯ ಹತ್ತಿರ, ಫೋಮ್ ತುಂಡೊಂದನ್ನು ಅಂಟಿಸಿ. ಅದು ಒತ್ತಡವನ್ನು ಹಂಚುತ್ತದೆ, ಜೊತೆಗೆ ಮೇಲಿನ ಹಿಡಿಯನ್ನು ಹೊಟ್ಟೆಯ ಕಡೆಗೆ ವಾಲಿಸುತ್ತದೆ. ಹೊರಗೆ ಎದ್ದು ಕಾಣುವುದು ನಳಿಗೆಯಲ್ಲ, ಹಿಡಿ ಅಲ್ವಾ? ಅದಕ್ಕೆಂದೇ ಕೆಲವು ಹೋಲ್ಸ್ಟರುಗಳಿಗೆ ಪಕ್ಕದಲ್ಲಿ ಒಂದು ಚಿಕ್ಕ ರೆಕ್ಕೆ ಕೊಟ್ಟಿರುತ್ತಾರೆ. ಬೆಲ್ಟ್ ಅದನ್ನು ಒತ್ತಿದಾಗ ಹಿಡಿ ಮೈಗೆ ಅಂಟಿಕೊಳ್ಳುತ್ತದೆ.

ಬಲ ಸೊಂಟದ ಮೇಲೆ ಇಡುವವರು ಗನ್ನನ್ನು 15 ಡಿಗ್ರಿಯಷ್ಟು ಮುಂದಕ್ಕೆ ಓರೆ ಮಾಡಿದರೆ ಹಿಡಿ ಬೆನ್ನಿನ ಗೆರೆಯಲ್ಲಿ ಅಡಗುತ್ತದೆ. ಸೊಂಟದ ಬಾಗು ಜಾಸ್ತಿ ಇರುವ ಹೆಂಗಸರಿಗೆ ಇಲ್ಲಿ ಹಿಡಿ ಪಕ್ಕೆಲುಬಿಗೆ ಒತ್ತುವುದುಂಟು. ಅವರಿಗೆ ಮುಂದಿನ ಜಾಗವೇ ಹಿತ ಅನ್ನಿಸಬಹುದು. ಬೆಲ್ಟ್ ಇಲ್ಲದ ಉಡುಪಾದರೆ ಹೊಟ್ಟೆಗೆ ಸುತ್ತುವ ಅಗಲ ಪಟ್ಟಿ ಬಳಸಬಹುದು, ಆದರೆ ಟ್ರಿಗರ್ ಮುಚ್ಚುವ ಗಟ್ಟಿ ಚಿಪ್ಪು ಇರುವ ಪಟ್ಟಿ ಮಾತ್ರ. ಬೆನ್ನ ನಡುವೆ ಮಾತ್ರ ಯಾರೂ ಇಡಬೇಡಿ. ಬೆನ್ನು ಕೆಳಗಾಗಿ ಬಿದ್ದರೆ ಪೆಟ್ಟು ನೇರ ಬೆನ್ನುಮೂಳೆಗೆ, ಹಿಂದಿನಿಂದ ಯಾರಾದರೂ ಕೈ ಹಾಕಿದರೂ ತಡೆಯುವುದು ಕಷ್ಟ.

ಎಂಥ ಒಳ್ಳೆಯ ಹೋಲ್ಸ್ಟರ್ ಇದ್ದರೂ ಅಪಾಯ ಜಾಸ್ತಿ ಇರುವುದು ಗನ್ ವಾಪಸ್ ಒಳಗೆ ಹಾಕುವ ಗಳಿಗೆಯಲ್ಲಿ. ಬೇಗ ತೆಗೆಯಬೇಕಾದ ಸಂದರ್ಭ ಇರಬಹುದು, ಬೇಗ ವಾಪಸ್ ಹಾಕಬೇಕಾದ ಸಂದರ್ಭ ಯಾವುದೂ ಇಲ್ಲ. ಬೆರಳು ಟ್ರಿಗರ್‌ನಿಂದ ದೂರ, ಅಂಗಿ ಇನ್ನೊಂದು ಕೈಯಲ್ಲಿ ಮೇಲಕ್ಕೆ, ಹೋಲ್ಸ್ಟರಿನ ಬಾಯಿಯೊಳಗೆ ಏನೂ ಸಿಕ್ಕಿಕೊಂಡಿಲ್ಲ ಅಂತ ಕಣ್ಣಿಟ್ಟು ನೋಡಿ ನಿಧಾನವಾಗಿ ಇಳಿಸಿ. ಏನೋ ತಡೆದ ಹಾಗೆ ಅನ್ನಿಸಿದರೆ ಒತ್ತಬೇಡಿ, ಹೊರಗೆ ತೆಗೆದು ನೋಡಿ. ಇನ್ನೂ ಒಳ್ಳೆಯದು ಅಂದರೆ ಹೋಲ್ಸ್ಟರನ್ನೇ ಸೊಂಟದಿಂದ ಬಿಚ್ಚಿ, ನಳಿಗೆಯನ್ನು ಮೈಯಿಂದ ಆಚೆ ಹಿಡಿದು, ಗನ್ ಹಾಕಿ, ಆಮೇಲೆ ಎರಡನ್ನೂ ಒಟ್ಟಿಗೆ ಸಿಕ್ಕಿಸಿಕೊಳ್ಳುವುದು. ರಾತ್ರಿ ಬಿಚ್ಚುವಾಗಲೂ ಹೋಲ್ಸ್ಟರ್ ಸಮೇತ ಬಿಚ್ಚಿ ಬೀಗವಿರುವ ಪೆಟ್ಟಿಗೆಯಲ್ಲಿಡಿ. ಮನೆಯಲ್ಲಿ ಮಕ್ಕಳಿದ್ದರೆ ಕಪಾಟಿನ ಮೇಲಿನ ಅಟ್ಟ ಭದ್ರ ಜಾಗವಲ್ಲ.

ಹೊಸ ಹೋಲ್ಸ್ಟರ್ ಬಂದ ದಿನವೇ ಹೊರಗೆ ಹೋಗಬೇಡಿ. ಕೆಲವು ದಿನ ಖಾಲಿ ಗನ್ ಹಾಕಿಕೊಂಡು ಮನೆಯಲ್ಲೇ ಕೂತು, ಎದ್ದು, ಬಗ್ಗಿ, ಮೆಟ್ಟಿಲು ಹತ್ತಿ ನೋಡಿ. ಎತ್ತರ, ಓರೆ, ಬಿಗಿ ಮೂರನ್ನೂ ಒಂದೇ ಸಲ ಬದಲಿಸಬೇಡಿ. ಹಾಗೆ ಮಾಡಿದರೆ ಯಾವುದರಿಂದ ನೋವು ಕಡಿಮೆಯಾಯಿತು ಅಂತ ಗೊತ್ತಾಗುವುದಿಲ್ಲ. ಎಲ್ಲ ಹೊಂದಿದ ಮೇಲೆ ಸ್ಕ್ರೂಗಳಿಗೆ ಬಿಗಿ ಹಿಡಿಯುವ ಅಂಟು ಒಂದೊಂದು ಹನಿ ಹಾಕಿ. ನಡೆದಾಡುವ ಅಲುಗಾಟಕ್ಕೆ ಅವು ತಾವಾಗಿಯೇ ಸಡಿಲವಾಗುತ್ತವೆ, ಹಾಗಾಗಿ ವಾರಕ್ಕೊಮ್ಮೆ ಸ್ಕ್ರೂಡ್ರೈವರ್ ಹಿಡಿದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.