ಕೂಡಿಸಲು ಒಂದು ಬೆಸುಗೆ, ಗುಣಿಸಲು ನಾಲ್ಕು ಟ್ರಾನ್ಸಿಸ್ಟರ್

ಎರಡು ತಂತಿಗಳಲ್ಲಿ ಹರಿದುಬಂದ ವಿದ್ಯುತ್ ಪ್ರವಾಹಗಳು ಒಂದೆಡೆ ಕೂಡಿದರೆ, ಅಲ್ಲಿಂದ ಮುಂದೆ ಸಾಗುವ ಪ್ರವಾಹ ಅವೆರಡರ ಮೊತ್ತವೇ ಆಗಿರುತ್ತದೆ. ಶಾಲೆಯಲ್ಲಿ ಕಿರ್ಚಾಫ್ ನಿಯಮವೆಂದು ಕಲಿಯುವ ಈ ಸಂಗತಿಯೇ ಅನಲಾಗ್ ಮಂಡಲಗಳ, ಅಂದರೆ ಸಂಖ್ಯೆಯನ್ನು ಪ್ರವಾಹ ಅಥವಾ ವೋಲ್ಟೇಜಿನ ಅಳತೆಯಾಗಿಯೇ ಕಾಣುವ ವಿದ್ಯುತ್ ಜಾಲಗಳ, ಸಂಕಲನ. ಎಂಟು ಬಿಟ್‌ಗಳ ಎರಡು ಸಂಖ್ಯೆಗಳನ್ನು ಕೂಡಿಸಲು ಡಿಜಿಟಲ್ ಮಂಡಲಕ್ಕೆ ನೂರಾರು ಟ್ರಾನ್ಸಿಸ್ಟರುಗಳು ಬೇಕಾಗುತ್ತವೆ. ಇಲ್ಲಿ ಒಂದು ಬೆಸುಗೆ ಸಾಕು.

ಆದರೆ ನಮ್ಮ ಸಂಖ್ಯೆಗಳು ಸಾಮಾನ್ಯವಾಗಿ ವೋಲ್ಟೇಜಿನ ರೂಪದಲ್ಲಿರುತ್ತವೆ. ಅವನ್ನು ರೆಸಿಸ್ಟರುಗಳ ಮೂಲಕ ಪ್ರವಾಹವಾಗಿಸಿ ಒಂದು ಬಿಂದುವಿಗೆ ತಂದರೆ, ಆ ಬಿಂದುವಿನ ವೋಲ್ಟೇಜ್ ತಾನೂ ಏರಿ ಲೆಕ್ಕವನ್ನು ಕೆಡಿಸುತ್ತದೆ. ಅದನ್ನು ಸೊನ್ನೆಯಲ್ಲೇ ಹಿಡಿದಿಡುವ ಕೆಲಸ ಆಪ್-ಆಂಪ್ (ಆಪರೇಷನಲ್ ಆಂಪ್ಲಿಫೈಯರ್) ಎಂಬ ವರ್ಧಕದ್ದು. 1, 2 ಮತ್ತು 0.5 ವೋಲ್ಟ್‌ಗಳನ್ನು ತಲಾ 10 ಕಿಲೋಓಮ್‌ನ ರೆಸಿಸ್ಟರುಗಳ ಮೂಲಕ ಕೊಟ್ಟಾಗ ಒಟ್ಟು 0.35 ಮಿಲಿಆಂಪಿಯರ್ ಬರುತ್ತದೆ. ಆಪ್-ಆಂಪ್ ಅಷ್ಟನ್ನೂ ತನ್ನ 10 ಕಿಲೋಓಮ್‌ನ ಹಿಮ್ಮರಳು (ಫೀಡ್‌ಬ್ಯಾಕ್) ದಾರಿಯಲ್ಲಿ ಎಳೆದುಕೊಂಡು ಋಣ 3.5 ವೋಲ್ಟ್ ತೋರಿಸುತ್ತದೆ. ಯಾವುದಾದರೂ ಸಂಖ್ಯೆಯನ್ನು ಇಮ್ಮಡಿಗೊಳಿಸಿ ಕೂಡಿಸಬೇಕಾದರೆ ಅದರ ರೆಸಿಸ್ಟರನ್ನು 5 ಕಿಲೋಓಮ್‌ಗೆ ಇಳಿಸಿದರಾಯಿತು. ಇಂದು ಬಹುಮಟ್ಟಿಗೆ ಸದ್ದು ಹಿಗ್ಗಿಸುವ ಬಿಡಿಭಾಗವೆಂದೇ ಪರಿಚಿತವಾಗಿರುವ ಈ ಸಾಧನಕ್ಕೆ 'ಆಪರೇಷನಲ್' ಎಂಬ ವಿಶೇಷಣ ಬಂದದ್ದೇ ಗಣಿತ ಕ್ರಿಯೆಗಳಿಂದ. 1947ರಲ್ಲಿ ಜಾನ್ ರಗಾಜ್ಜಿನಿ ಮತ್ತು ಸಂಗಡಿಗರ ಪ್ರಬಂಧ ಆ ಹೆಸರನ್ನು ನೆಲೆಗೊಳಿಸಿತು.

ನಿಜವಾದ ಪೇಚು ಗುಣಾಕಾರದ್ದು, ಏಕೆಂದರೆ ಎರಡು ವೋಲ್ಟೇಜುಗಳನ್ನು ಗುಣಿಸುವ ಸರಳ ಬಿಡಿಭಾಗ ಯಾವುದೂ ಇಲ್ಲ. ಇಲ್ಲಿ ನೆರವಿಗೆ ಬರುವುದು ಹಳೆಯ ಲಾಗ್ ಟೇಬಲಿನ ಉಪಾಯ: ಲಾಗರಿದಮ್‌ಗಳನ್ನು ಕೂಡಿಸಿದರೆ ಮೂಲ ಸಂಖ್ಯೆಗಳನ್ನು ಗುಣಿಸಿದಂತೆ. ಟ್ರಾನ್ಸಿಸ್ಟರಿನ ಪ್ರವಾಹ ಹತ್ತು ಪಟ್ಟು ಹೆಚ್ಚಿದಾಗಲೆಲ್ಲ ಅದರ ಬೇಸ್ ಮತ್ತು ಎಮಿಟರ್ ಎಂಬ ತುದಿಗಳ ನಡುವಿನ ವೋಲ್ಟೇಜ್ ಕೋಣೆಯ ಉಷ್ಣತೆಯಲ್ಲಿ ಸುಮಾರು 60 ಮಿಲಿವೋಲ್ಟ್ ಮಾತ್ರ ಏರುತ್ತದೆ. ಅಂದರೆ ಲಾಗ್ ಟೇಬಲ್ ಸಿಲಿಕಾನಿನೊಳಗೇ ಇದೆ. ಆದರೆ ಆ 60 ಎಂಬ ಅಂಕಿ ಒಂದು ಡಿಗ್ರಿ ಬಿಸಿಗೆ ಶೇಕಡಾ 0.33ರಷ್ಟು ಜಾರುತ್ತದೆ. ಟ್ರಾನ್ಸಿಸ್ಟರಿನ ಸೋರಿಕೆ ಪ್ರವಾಹವಂತೂ ಅದಕ್ಕಿಂತ ಎಷ್ಟೋ ವೇಗವಾಗಿ ಬೆಳೆಯುತ್ತದೆ. ಬೆಳಗ್ಗೆ ಸರಿಯಿದ್ದ ಮಗ್ಗಿ ಮಧ್ಯಾಹ್ನಕ್ಕೆ ತಪ್ಪುತ್ತದೆ.

ಇದಕ್ಕೆ ದೊರೆತ ಪರಿಹಾರ, ನನ್ನ ಮಟ್ಟಿಗೆ, ಈ ವಿದ್ಯೆಯ ಅತ್ಯಂತ ಸೊಗಸಾದ ಭಾಗ. ಒಂದೇ ಚಿಪ್ಪಿನ ಮೇಲೆ ಪಕ್ಕಪಕ್ಕದಲ್ಲಿ ರೂಪಿಸಿದ, ಒಂದೇ ತೆರನಾದ ನಾಲ್ಕು ಟ್ರಾನ್ಸಿಸ್ಟರುಗಳು ಒಟ್ಟಿಗೇ ಬಿಸಿಯಾಗುತ್ತವೆ. ಎರಡರ ವೋಲ್ಟೇಜುಗಳ ಮೊತ್ತ ಉಳಿದೆರಡರ ಮೊತ್ತಕ್ಕೆ ಸಮವಾಗುವಂತೆ ಅವನ್ನು ಬಳೆಯಾಗಿ ಜೋಡಿಸಿದರೆ, ಉಷ್ಣತೆಯೂ ಸೋರಿಕೆಯೂ ಸಮೀಕರಣದ ಎರಡು ಕಡೆಗಳಲ್ಲಿ ಪರಸ್ಪರ ಕಳೆದುಹೋಗಿ, ಮೊದಲೆರಡು ಪ್ರವಾಹಗಳ ಗುಣಲಬ್ಧ ಉಳಿದೆರಡರ ಗುಣಲಬ್ಧಕ್ಕೆ ಸಮವಾಗುತ್ತದೆ. ಮೂರನೆಯದನ್ನು ನಾವೇ ನಿಗದಿಪಡಿಸಿದರೆ ನಾಲ್ಕನೆಯದು ಗುಣಿಸಿ ಭಾಗಿಸಿದ ಉತ್ತರ. ಭಾಗಾಕಾರ ಇಲ್ಲಿ ಕೊಸರು.

ಟ್ರಾನ್ಸಿಸ್ಟರಿನಲ್ಲಿ ಪ್ರವಾಹ ಒಂದೇ ದಿಕ್ಕಿಗೆ ಹರಿಯುವುದರಿಂದ ಈ ಬಳೆಗೆ ಋಣಸಂಖ್ಯೆಗಳು ತಿಳಿಯವು. ಎಂಜಿನಿಯರ್ ಬ್ಯಾರಿ ಗಿಲ್ಬರ್ಟ್ 1968ರಲ್ಲಿ ಪ್ರಕಟಿಸಿದ ಗುಣಕವು ಸಂಖ್ಯೆಯನ್ನು ಒಂದು ಪ್ರವಾಹವಾಗಿ ಕಾಣದೆ ಎರಡು ಪ್ರವಾಹಗಳ ವ್ಯತ್ಯಾಸವಾಗಿ ಕಂಡು ಆ ಕೊರತೆಯನ್ನು ನೀಗಿತು. ಅದೇ ಬಗೆಯ ರಚನೆ ಇಂದಿಗೂ ಅನೇಕ ರೇಡಿಯೊ ಚಿಪ್ಪುಗಳಲ್ಲಿ ಒಳಬಂದ ತರಂಗವನ್ನು ರೇಡಿಯೊ ತಾನೇ ಹುಟ್ಟಿಸುವ, ಸ್ಥಳೀಯ ಆಂದೋಲಕದ ತರಂಗದೊಡನೆ ಗುಣಿಸುತ್ತಿದೆ.