ಪದ ಪರಿಚಯ: ಅಫ್ಯಾಂಟೇಸಿಯ

‘ಮಳೆ ನಿಂತ ಮೇಲೆ ಅಜ್ಜಿ ಚಾವಡಿಯಿಂದ ಅಂಗಳಕ್ಕೆ ಇಳಿದು ಬಾವಿಕಟ್ಟೆಯ ಕಡೆ ನಡೆದರು.’

ಇಷ್ಟು ಓದಿ ನಿಲ್ಲಿ. ಬಾವಿ ಇದ್ದದ್ದು ಎಡಕ್ಕೋ ಬಲಕ್ಕೋ? ಅಜ್ಜಿಯ ಸೀರೆ ಯಾವ ಬಣ್ಣದ್ದು? ವಾಕ್ಯದಲ್ಲಿ ಎರಡೂ ಇಲ್ಲ. ಆದರೂ ಹಲವರು ಥಟ್ಟನೆ ಉತ್ತರ ಹೇಳುತ್ತಾರೆ. ಎಂದೋ ಕಂಡ ಯಾರದೋ ಮನೆಯ ಬಾವಿ ಕಥೆಯೊಳಗೆ ಬಂದು ಕೂತಿರುತ್ತದೆ. ಕೆಲವರಿಗೆ ಬಾವಿ ಸ್ಪಷ್ಟ, ಅಜ್ಜಿಗೆ ಮಾತ್ರ ಮುಖವಿಲ್ಲ. ಇನ್ನು ಕೆಲವರಿಗೆ ಏನೂ ಕಾಣುವುದಿಲ್ಲ, ಅಜ್ಜಿ ನಡೆದರು ಎಂಬುದಷ್ಟೇ ತಿಳಿಯುತ್ತದೆ. ಬೇಕೆಂದರೂ ಹೀಗೆ ಮನಸ್ಸಿನಲ್ಲಿ ಚಿತ್ರ ಮೂಡದಿರುವುದೇ ಅಫ್ಯಾಂಟೇಸಿಯ. ಇದು ಕಾಯಿಲೆಯಲ್ಲ. ನೂರರಲ್ಲಿ ಒಬ್ಬರಿಂದ ನಾಲ್ವರು ಹೀಗಿರಬಹುದು ಎಂಬ ಅಂದಾಜಿದೆ. ಇವರಲ್ಲಿ ಬಹಳ ಮಂದಿಗೆ ಕನಸು ಮಾತ್ರ ಚಿತ್ರಗಳಲ್ಲೇ ಬೀಳುತ್ತದೆ!

ಹೆಸರನ್ನು 2015ರಲ್ಲಿ ಇಟ್ಟವರು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ನರವಿಜ್ಞಾನಿ ಆ್ಯಡಮ್ ಝೀಮನ್ ಮತ್ತು ಸಂಗಡಿಗರು. ವಿಷಯ ಹಳೆಯದು. 1880ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್, ಈ ಬೆಳಿಗ್ಗೆ ನೀವು ತಿಂಡಿಗೆ ಕೂತ ಮೇಜನ್ನು ನೆನೆದರೆ ಏನು ಕಾಣುತ್ತದೆ ಎಂದು ಪರಿಚಿತರನ್ನು ಕೇಳಿದ್ದ. ಕೆಲವು ವಿಜ್ಞಾನಿಗಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಮನಸ್ಸಿನ ಕಣ್ಣು ಎಂಬುದು ಬರಿಯ ಮಾತಿನ ಅಲಂಕಾರವೆಂದೇ ಅವರು ನಂಬಿದ್ದರು. ಕನ್ನಡದಲ್ಲಿ ನಾವು ಎಗ್ಗಿಲ್ಲದೆ ಬಳಸುವ ‘ಕಣ್ಣಿಗೆ ಕಟ್ಟುವಂತಹ ವರ್ಣನೆ’ಯನ್ನೂ ಅವರು ಹಾಗೆಯೇ ತಳ್ಳಿಹಾಕುತ್ತಿದ್ದರೇನೋ.

ಓದಿಗೆ ನೇರವಾಗಿ ತಾಗುವ ಪ್ರಯೋಗವೊಂದು ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ್ದು, 2021ರಲ್ಲಿ ಪ್ರಕಟವಾಯಿತು. ಕತ್ತಲೆಯ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿ, ಚರ್ಮದ ಬೆವರಿನ ಏರಿಳಿತ ಅಳೆಯುವ ತಂತಿ ಜೋಡಿಸಿ, ಪರದೆಯ ಮೇಲೆ ಭಯದ ಕಥೆಯನ್ನು ಸಾಲು ಸಾಲಾಗಿ ತೋರಿಸಿದರು. ನೀವು ಸಮುದ್ರದಲ್ಲಿದ್ದೀರಿ, ಶಾರ್ಕ್ ಹತ್ತಿರ ಬರುತ್ತಿದೆ, ಈ ಬಗೆಯದು. ಚಿತ್ರ ಕಾಣುವವರ ಮೈ ಸಣ್ಣಗೆ ಬೆವರುತ್ತಾ ಹೋಯಿತು. ಕಾಣದವರ ಗೆರೆ ಹೆಚ್ಚುಕಡಿಮೆ ಮಟ್ಟಸವಾಗಿಯೇ ಉಳಿಯಿತು. ಹಾಗೆಂದು ಅವರು ಧೈರ್ಯಶಾಲಿಗಳೇನಲ್ಲ: ಭಯಾನಕ ಫೋಟೊಗಳನ್ನು ತೋರಿಸಿದಾಗ ಎರಡೂ ಗುಂಪು ಒಂದೇ ರೀತಿ ಬೆಚ್ಚಿತು.

ಇದನ್ನು ಹಿಡಿದು, ಚಿತ್ರ ಕಾಣದವರಿಗೆ ಕಥೆ ರುಚಿಸದು ಎಂದರೆ ಆತುರದ ತೀರ್ಪಾದೀತು. ಪ್ರಯೋಗ ಅಳೆದದ್ದು ಭಯವನ್ನು, ಅದೂ ಕೆಲವೇ ಸಾಲುಗಳಲ್ಲಿ. ಕಾದಂಬರಿಯಲ್ಲಿ ಅತ್ತೆಯ ಕೊಂಕು ಮಾತಿದೆ, ಸುಳ್ಳು ಬಯಲಾಗುವ ಹೊತ್ತಿದೆ, ಒಬ್ಬನ ಸಣ್ಣತನ ನಿಧಾನವಾಗಿ ಗೊತ್ತಾಗುವ ಬಗೆಯಿದೆ. ಇವಕ್ಕೆ ಚಿತ್ರ ಬೇಕೆಂದೇನಿಲ್ಲ. ಎರಡು ಪುಟದ ಸೂರ್ಯಾಸ್ತವನ್ನು ಅವರು ಹಾರಿಸಿ ಓದಿದರೆ ಕ್ಷಮಿಸಬಹುದು. ಚಿತ್ರ ಚೆನ್ನಾಗಿಯೇ ಕಾಣುವ ನನ್ನಂಥವರೂ ಅದನ್ನು ಮಾಡುತ್ತೇವೆ. ಅಷ್ಟೇಕೆ, ಪಿಕ್ಸಾರ್ ಅನಿಮೇಷನ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್ಮಲ್ ಅವರೇ ತಮಗೆ ಮನಸ್ಸಿನಲ್ಲಿ ಏನೂ ಕಾಣುವುದಿಲ್ಲ ಎಂದು ಹೇಳಿಕೊಂಡಿದ್ದಾರೆ.